ನೀಲಿಹಲ್ಲಿನ ರಾಜ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಮೊದಲ ದಿನವೇ, "ಅಮ್ಮ, ಅಪ್ಪನ ಕಾರು ಮಾರಿಬಿಡೋಣ. ಸುಮ್ಮನೆ ನಿಂತು ಹಾಳಾಗ್ತಿದೆ" ಎಂದ. ನಾನು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ನಮ್ಮವರು 2011ರಲ್ಲಿ ಕೊಂಡ ಕಾರು ಅದು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ನನಗೆ ಓಡಿಸಲು ಬರುವುದಿಲ್ಲ. ಮಾರುವುದು ನ್ಯಾಯವೇ. ಆದರೂ ಎರಡು ದಿನ ನಮ್ಮಿಬ್ಬರ ಮಾತು ಕಾಫಿ, ತಿಂಡಿ, ಸ್ನಾನ ಇಷ್ಟರಲ್ಲೇ ಮುಗಿಯಿತು.

ಮೂರನೆಯ ದಿನ ಸಾಗರದಿಂದ ಶಿವಮೊಗ್ಗಕ್ಕೆ, ನನ್ನ ತಂಗಿಯ ಮನೆಗೆ ಹೊರಟೆವು. ಮಗ ಅದೇ ಕಾರು ತೆಗೆದ. ದಾರಿಯಲ್ಲಿ ಹಾಡು ಕೇಳಲೆಂದು ತನ್ನ ಹೊಸ ಫೋನನ್ನು ಕಾರಿನ ಸ್ಟೀರಿಯೋಗೆ ಬ್ಲೂಟೂತಿನಲ್ಲಿ ಜೋಡಿಸಲು ನೋಡಿದ. ಅದು ಒಪ್ಪಲಿಲ್ಲ. ಆ ಸ್ಟೀರಿಯೋ ಐದೇ ಫೋನುಗಳನ್ನು ನೆನಪಿನಲ್ಲಿಟ್ಟುಕೊಳ್ಳುತ್ತದಂತೆ. ಹೊಸದು ಸೇರಬೇಕಾದರೆ ಹಳೆಯದೊಂದನ್ನು ಅಳಿಸಬೇಕು. ಪಟ್ಟಿಯ ಮೊದಲ ಹೆಸರು ನಮ್ಮವರ ಫೋನಿನದು. ಮಗನ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು.

ಏನಾದರೂ ಮಾತಾಡಬೇಕಲ್ಲ ಎಂದು, "ಅದೇನು ಹೆಸರೋ, ಬ್ಲೂಟೂತ್ ಅಂತ? ನೀಲಿ ಹಲ್ಲು!" ಎಂದೆ.

"ಯಾವುದೋ ರಾಜನ ಹೆಸರಂತೆ ಅಮ್ಮ. ಹಿಸ್ಟರಿ ಟೀಚರ್ ನೀನು, ನೀನೇ ಹೇಳಬೇಕು."

ಇಪ್ಪತ್ತೆಂಟು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ನಾಚಿಕೆಯಾಯಿತು. ಊರಿಗೆ ಮರಳಿದ ಮೇಲೆ ಹುಡುಕಿ ಓದಿದೆ.

ಆ ರಾಜ ಡೆನ್ಮಾರ್ಕಿನ ಹೆರಾಲ್ಡ್. ಹತ್ತನೆಯ ಶತಮಾನದಲ್ಲಿ, 958ರ ಸುಮಾರಿಗೆ ಪಟ್ಟಕ್ಕೆ ಬಂದವನು. ಸತ್ತುಹೋದ ಹಲ್ಲೊಂದು ಕಪ್ಪುನೀಲಿಯಾಗಿ ಕಾಣುತ್ತಿದ್ದುದರಿಂದ ನೀಲಿಹಲ್ಲಿನವನೆಂಬ ಅಡ್ಡಹೆಸರು ಬಂದಿರಬೇಕೆಂದು ಊಹೆ. ಯೆಲ್ಲಿಂಗ್ ಎಂಬ ಊರಿನಲ್ಲಿ ಎರಡು ಶಾಸನಗಲ್ಲುಗಳಿವೆ. ಚಿಕ್ಕದನ್ನು ಹೆರಾಲ್ಡನ ತಂದೆ ಗೋರ್ಮ್, ತನ್ನ ಹೆಂಡತಿ ಥೈರಾಳ ನೆನಪಿಗೆ ನಿಲ್ಲಿಸಿದ. ನಮ್ಮ ಸೀಮೆಯಲ್ಲಿ ಗಂಡನ ಚಿತೆಯೇರಿದ ಹೆಣ್ಣಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳನ್ನು ನೋಡುತ್ತ ಬೆಳೆದ ನನಗೆ, ಹೆಂಡತಿಗಾಗಿ ಗಂಡ ನಿಲ್ಲಿಸಿದ ಈ ಕಲ್ಲಿನ ಸಂಗತಿ ಓದಿ ಮನಸ್ಸು ತುಂಬಿತು. ದೊಡ್ಡ ಕಲ್ಲನ್ನು ಹೆರಾಲ್ಡ್ ತಂದೆತಾಯಿಗಳ ಹೆಸರಿನಲ್ಲಿ ನಿಲ್ಲಿಸಿ, ಡೆನ್ಮಾರ್ಕನ್ನೆಲ್ಲ ಮತ್ತು ನಾರ್ವೆಯನ್ನು ತಾನು ಗೆದ್ದುದನ್ನೂ ಡೇನರನ್ನು ಕ್ರೈಸ್ತರನ್ನಾಗಿಸಿದ್ದನ್ನೂ ಕೆತ್ತಿಸಿದ. 1994ರಲ್ಲಿ ಯುನೆಸ್ಕೋ ಆ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ 1994ರಲ್ಲಿ, ಸ್ವೀಡನ್ನಿನ ಲುಂಡ್ ಪಟ್ಟಣದ ಎರಿಕ್ಸನ್ ಕಂಪನಿಯಲ್ಲಿ ಯಾಪ್ ಹಾರ್ಟ್‌ಸೆನ್ ಎಂಬ ಡಚ್ ಎಂಜಿನಿಯರು, ಫೋನಿಗೂ ಅದರ ಉಪಕರಣಗಳಿಗೂ ನಡುವಿನ ತಂತಿ ತೆಗೆದು ರೇಡಿಯೋ ಅಲೆಯಿಂದ ಜೋಡಿಸುವ ಕೆಲಸ ಶುರುಮಾಡಿದ್ದರು. ಬೇರೆ ಕಂಪನಿಗಳೂ ಇಂಥದೇ ಯೋಚನೆಯಲ್ಲಿದ್ದವು. ಪ್ರತಿಯೊಬ್ಬರೂ ತಮ್ಮದೇ ದಾರಿ ಹಿಡಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಮನೆಯ ಡ್ರಾಯರಿನಲ್ಲಿ ಯಾವ ಫೋನಿಗೂ ಹೊಂದದೆ ಬಿದ್ದಿರುವ ಹಳೆಯ ಚಾರ್ಜರುಗಳನ್ನು ನೆನೆಸಿಕೊಳ್ಳಿ. ಹಾಗಾಗದಿರಲೆಂದು ಕಂಪನಿಗಳು ಕಲೆತವು. ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್, ಒಡೆದ ನಾಡುಗಳನ್ನು ಒಂದು ಮಾಡಿದ ಹೆರಾಲ್ಡನ ಅಡ್ಡಹೆಸರನ್ನು ತಾತ್ಕಾಲಿಕವಾಗಿ ಸೂಚಿಸಿದರು. ಆಮೇಲೆ ಬೇರೆ ಹೆಸರು ಹುಡುಕಿದರೂ ಯಾವುದೂ ಕೂಡಿಬರಲಿಲ್ಲ. 1998ರಲ್ಲಿ ಎರಿಕ್ಸನ್, ಇಂಟೆಲ್, ಐಬಿಎಂ, ನೋಕಿಯಾ, ತೋಷಿಬಾ ಸೇರಿ ಕೂಟ ಕಟ್ಟಿದಾಗ ಕರೆಯುವ ಹೆಸರೇ ಇಟ್ಟ ಹೆಸರಾಯಿತು. ನಿಮ್ಮ ಫೋನಿನಲ್ಲಿರುವ ಆ ಗುರುತು, ಹೆರಾಲ್ಡನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಬೆಸೆದದ್ದು.

ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಹೊಂದಾಣಿಕೆ ಬಂದುಬಿಡುವುದಿಲ್ಲ. ಒಂದೊಂದು ಕೆಲಸಕ್ಕೂ ಒಂದೊಂದು ಒಪ್ಪಂದವಿದೆ. ಪ್ರೊಫೈಲ್ ಎನ್ನುತ್ತಾರೆ. ಕರೆಯ ಮಾತಿಗೆ ಹ್ಯಾಂಡ್ಸ್‌ಫ್ರೀ ಒಪ್ಪಂದ, ಹಾಡಿಗೆ ಎ-ಟು-ಡಿ-ಪಿ ಎಂಬ ಇನ್ನೊಂದು. ಎರಡೂ ಕಡೆಯಲ್ಲಿ ಅದೇ ಒಪ್ಪಂದವಿದ್ದರೆ ಮಾತ್ರ ಆ ಕೆಲಸ ನಡೆಯುತ್ತದೆ. ಫೋನನ್ನು ನಾವು ಮೂರು ನಾಲ್ಕು ವರ್ಷಕ್ಕೆ ಬದಲಿಸುತ್ತೇವೆ. ಕಾರು ಹದಿನೈದು ವರ್ಷ ಬಾಳುತ್ತದೆ. ಹಳೆಯ ಸ್ಟೀರಿಯೋ ತಾನು ಹುಟ್ಟಿದ ದಿನ ಕಲಿತಷ್ಟನ್ನೇ ಬಲ್ಲದು. ಜಗಳ ಹುಟ್ಟುವುದು ಅಲ್ಲೇ.

ಹೆರಾಲ್ಡನ ಕಥೆಯೂ ಕಲ್ಲಿನ ಮೇಲೆ ಮುಗಿಯಲಿಲ್ಲ. 986ರ ಸುಮಾರಿಗೆ ಅವನ ಮಗ ಸ್ವೇನ್ ದಂಗೆಯೆದ್ದ. ನಾಡುಗಳನ್ನು ಒಂದು ಮಾಡಿದ ತಂದೆ ಸ್ವಂತ ಮಗನೊಡನೆ ಕಾದಾಡಿ, ಗಾಯಗೊಂಡು, ಓಡಿಹೋಗಿ ಸತ್ತ. ಆಗ ಡೆನ್ಮಾರ್ಕಿಗೇ ಸೇರಿದ್ದ ಲುಂಡ್ ಪಟ್ಟಣವನ್ನು 990ರ ಹೊತ್ತಿಗೆ ಕಟ್ಟಿಸಿದವನು ಇದೇ ಸ್ವೇನ್ ಎಂಬ ಪ್ರತೀತಿಯಿದೆ. ಅಂದರೆ, ಮಗ ಕಟ್ಟಿಸಿದನೆನ್ನುವ ಊರಿನಲ್ಲಿ ಹುಟ್ಟಿದ ಜೋಡಿಸುವ ವಿದ್ಯೆಗೆ, ಅವನೇ ಓಡಿಸಿದ ಅಪ್ಪನ ಹೆಸರು ಬಂದಿದೆ! ಸಾವಿರ ವರ್ಷ ಬೇಕಾಯಿತು ಅಷ್ಟಕ್ಕೆ.

ಆ ದಿನ ನನ್ನ ಮಗ ಅಪ್ಪನ ಹೆಸರನ್ನು ಅಳಿಸಲಿಲ್ಲ. ಕೆಳಗಿದ್ದ ತನ್ನದೇ ಕಾಲೇಜು ದಿನಗಳ ಫೋನಿನ ಹೆಸರನ್ನು ತೆಗೆದ. ಹೊಸ ಫೋನು ಜೋಡಿಯಾಯಿತು. ಆದರೆ ಹಾಡು ಬರಲಿಲ್ಲ. "ಇದರಲ್ಲಿ ಬರೀ ಕರೆ ಬರುತ್ತೆ ಅಮ್ಮ, ಹಾಡು ಬರಲ್ಲ" ಎಂದ. ನನಗೆ ನಗು ಬಂತು. "ನಮ್ಮ ಹಾಗೇ ಕಣೋ. ಊಟ ಆಯ್ತಾ, ಮಳೆ ಬಂತಾ, ಇಡ್ತೀನಿ. ಮೂರು ವರ್ಷದಿಂದ ಅಷ್ಟೇ ಅಲ್ಲವಾ?" ಎಂದೆ.

ಆನಂದಪುರ ದಾಟುವವರೆಗೂ ಅವನು ಮಾತಾಡಲಿಲ್ಲ. ಆಮೇಲೆ ನಿಧಾನವಾಗಿ, "ಪ್ರತಿಸಲ ಗೇಟು ತೆಗೆದಾಗ ಕಾರು ಕಾಣುತ್ತೆ. ಅಪ್ಪ ಒಳಗಿದ್ದಾರೆ ಅನ್ನಿಸುತ್ತೆ. ನನ್ನ ಕೈಲಿ ಆಗಲ್ಲಮ್ಮ" ಎಂದ. ಮಾರುವುದೆಂದರೆ ಅವನಿಗೆ ದುಡ್ಡಿನ ಲೆಕ್ಕವೆಂದುಕೊಂಡಿದ್ದೆ. ನನಗೆ ಅದೇ ಕಾರು ಕಂಡರೆ ಸಮಾಧಾನ. ಅವನಿಗೆ ಸಂಕಟ. ಇಷ್ಟು ಸಣ್ಣ ಸಂಗತಿ ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಶಿವಮೊಗ್ಗ ಬರುವವರೆಗೂ ಅವರದೇ ಮಾತಾಡಿದೆವು.

ಯುಗಾದಿ ಕಳೆದ ಮೇಲೆ ಕಾರು ಮಾರಿದೆವು. ಕೊಡುವ ಮುಂಚೆ ಪಟ್ಟಿಯನ್ನೆಲ್ಲ ಅಳಿಸಬೇಕು. ಇಲ್ಲದಿದ್ದರೆ ಫೋನಿನಿಂದ ಕಾರಿಗೆ ಇಳಿದ ನೆಂಟರಿಷ್ಟರ ನಂಬರುಗಳು ಪರರ ಕೈ ಸೇರಬಹುದು. ನೀವೂ ಕಾರು ಮಾರುವುದಿದ್ದರೆ ನೆನಪಿಡಿ. ಒಂದೊಂದೇ ಹೆಸರು ತೆಗೆದು, ಕೊನೆಗೆ ಅವರದೊಂದು ಉಳಿಯಿತು. ಮಗ ನನ್ನ ಮುಖ ನೋಡಿದ. ಗುಂಡಿ ಎಲ್ಲಿದೆ ಎಂದು ಕೇಳಿ, ನಾನೇ ಒತ್ತಿದೆ.