ಯಾದವಗಿರಿಯಲ್ಲಿ ಹುಟ್ಟಿದ ಗಾಡಿ
ಜುಲೈ ತಿಂಗಳ ಎರಡನೇ ಭಾನುವಾರ ಬಂದರೆ ಜಾವಾ-ಯೆಜ್ಡಿ ಬೈಕುಗಳ ದಿನ. ಒರೆಸಿ ಹೊಳಪಿಟ್ಟ ಗಾಡಿಗಳು ಸಾಲುಗಟ್ಟುತ್ತವೆ, ಫೋಟೊ ತೆಗೆಯುವವರಿಗೂ ಬರವಿಲ್ಲ. ಮೈಸೂರಿನ ಗ್ಯಾರೇಜಿನಲ್ಲೇ ತಲೆ ನೆರೆತವನು ನಾನು. ನೋಡಿ ಖುಷಿಯಾಗುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಇದೇ ಗಾಡಿಗಳನ್ನು ಗುಜರಿಗೆ ತೂಕಕ್ಕೆ ಹಾಕಿದವರು ಇದೇ ಊರಿನ ಜನ.

ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಲೈಸೆನ್ಸ್ ಪಡೆದು ರುಸ್ತುಂ ಇರಾನಿ ಇಲ್ಲಿ ಐಡಿಯಲ್ ಜಾವಾ ಕಟ್ಟಿದರು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಫ್ಯಾಕ್ಟರಿ ಶುರುವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಮಾದರಿ.

ಗಾಡಿಯ ಒಗಟು ಎಡಗಾಲಿನ ಹತ್ತಿರವಿತ್ತು. ಕಿಕ್ಕರ್ರೂ ಗೇರೂ ಒಂದೇ ಲಿವರ್. ಎಬ್ಬಿಸಿ ನಿಲ್ಲಿಸಿ ತುಳಿದರೆ ಸ್ಟಾರ್ಟ್, ಮುಂದಕ್ಕೆ ಮಲಗಿಸಿದರೆ ಗೇರ್. ಹೊಸಬರು ಪೇಚಾಡುವುದನ್ನು ನೋಡಲು ಬೀದಿಯ ಹುಡುಗರು ಸೇರುತ್ತಿದ್ದರು. ಗೇರ್ ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತಿತ್ತು. ಹಾಗಾಗಿ ಕ್ಲಚ್ ಕೇಬಲ್ ಕಿತ್ತುಹೋದರೂ ಮನೆ ಮುಟ್ಟಬಹುದಿತ್ತು. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಆದ್ದರಿಂದ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತಿತ್ತು. ಪುಲ್ಲಿಂಗ್ ಇಲ್ಲ ಎಂದು ಗಿರಾಕಿ ಬಂದರೆ ಮೊದಲು ಅದನ್ನೇ ಬಿಚ್ಚುತ್ತಿದ್ದೆವು. ಒಳಗಿನ ಕೊಳವೆ ಎಳೆದು ಬೆಂಕಿಗೆ ಹಿಡಿದರೆ ಎಣ್ಣೆಮಸಿ ಚಟಪಟ ಉರಿದು, ಕೆಂಪಗೆ ಕಾದ ತಗಡು ಕಾಣುತ್ತಿತ್ತು. ಆ ನಾತ ಅಂಗಿಯಿಂದ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ.

1985ರ ಹೊತ್ತಿಗೆ ಜಪಾನಿನ ನಂಟಿನ 100 ಸಿಸಿ ಗಾಡಿಗಳು ಬಂದವು. ಹೀರೋ ಹೋಂಡಾ ಫೋರ್-ಸ್ಟ್ರೋಕ್. ಹೊಗೆಯಿಲ್ಲ, ಸದ್ದು ಕಮ್ಮಿ, ಪೆಟ್ರೋಲನ್ನು ಮೂಸಿ ನೋಡಿ ಓಡುತ್ತಿತ್ತು. ಸಂಬಳದಾರ ಇನ್ನೇನು ಮಾಡಿಯಾನು? ಯೆಜ್ಡಿಯನ್ನು ಬಾಯ್ತುಂಬ ಹೊಗಳುತ್ತಲೇ ಹೀರೋ ಹೋಂಡಾ ಕೊಂಡ. ಹೊಗೆಯ ನಿಯಮಗಳೂ ಬಿಗಿಯಾದವು, ಯೆಜ್ಡಿಯ ಯಂತ್ರ ಮಾತ್ರ ಬಹುಪಾಲು ಹಳೆಯದೇ. ಫ್ಯಾಕ್ಟರಿ ಬಾಗಿಲು ಹಾಕಿದ್ದು 1996ರಲ್ಲಿ. ಅದಕ್ಕೆ ಸರ್ಕಾರ, ಕಾರ್ಮಿಕರು ಕಾರಣ ಅಂತ ಬೈಯುವವರು ತಮ್ಮ ಮನೆಗೆ ಆಗ ಯಾವ ಗಾಡಿ ಬಂದಿತ್ತು ಅಂತ ಮಾತ್ರ ಹೇಳುವುದಿಲ್ಲ.

2018ರಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಜಾವಾವನ್ನು ಮತ್ತೆ ತಂತು, 2022ರಲ್ಲಿ ಯೆಜ್ಡಿಯನ್ನು. ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ ಫೋರ್-ಸ್ಟ್ರೋಕ್, ಆಯಿಲ್ ಬೆರೆಸುವ ರಗಳೆಯಿಲ್ಲ. ಅಂಥದೊಂದು ಎಂಜಿನ್ ಯಾದವಗಿರಿಗೆ 1985ರಲ್ಲೇ ಬೇಕಿತ್ತು.