ಯಾರೂ ಕೇಳದ ಪ್ರಶ್ನೆ

ಕಳೆದ ತಿಂಗಳು ಜಯನಗರ ನಾಲ್ಕನೆಯ ಬ್ಲಾಕಿನ ಕಾಂಪ್ಲೆಕ್ಸಿನ ಬಳಿ ಹೂವು ಕೊಳ್ಳುತ್ತಿದ್ದಾಗ, "ಟೀಚರ್, ಗುರುತು ಸಿಕ್ಕಿತೇ?" ಎಂದು ಒಬ್ಬಾಕೆ ಕೈ ಹಿಡಿದುಕೊಂಡಳು. 1988ರಲ್ಲಿ ನನ್ನ ತರಗತಿಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಈಗ ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಹಿರಿಯ ಶುಶ್ರೂಷಕಿ. ಕಾಫಿ ಕುಡಿಯುತ್ತ ಅವಳೊಂದು ಮಾತು ಹೇಳಿದಳು: "ಎರಡನೇ ಹೆರಿಗೆ ಆದವರನ್ನು ವಂಕಿ ಹಾಕಿಸಿಕೊಳ್ಳುತ್ತೀಯೇನಮ್ಮ ಎಂದು ಕೇಳಿದರೆ, ಮನೆಯವರನ್ನು ಕೇಳಿ ಹೇಳುತ್ತೇನೆ ಅನ್ನುತ್ತಾರೆ. ನಿನಗೇನು ಬೇಕು ಅಂದರೆ ಸುಮ್ಮನೆ ಮುಖ ನೋಡುತ್ತಾರೆ ಟೀಚರ್. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿಯೇ ಇಲ್ಲ."

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೂವತ್ತನಾಲ್ಕು ವರ್ಷ ಇತಿಹಾಸ ಬೋಧಿಸಿದವಳು ನಾನು. ಮಾದರಿ ಮೈಸೂರಿನ ಪಾಠದಲ್ಲಿ 1902ರ ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿ ಕಟ್ಟೆ, ಪ್ರಜಾಪ್ರತಿನಿಧಿ ಸಭೆ ಎಲ್ಲವನ್ನೂ ಉರು ಹೊಡೆಸಿದ್ದೇನೆ. ಆದರೆ 1930ರ ಆಜ್ಞೆಯೊಂದನ್ನು ಒಮ್ಮೆಯೂ ಹೇಳಿಕೊಡಲಿಲ್ಲ. ಹೆಣ್ಣುಮಕ್ಕಳ ತರಗತಿಯಲ್ಲಿ ಹೇಳಲು ನಾಚಿಕೆಯಾಯಿತೆಂಬುದೇ ನಿಜವಾದ ಕಾರಣ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರವು ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ತಾನೇ ಮುಂದಾಗಿ ಇಂಥ ಕೇಂದ್ರ ತೆರೆದುದು ಜಗತ್ತಿನಲ್ಲೇ ಮೊದಲೆಂದು ಹೇಳುವುದುಂಟು. ಬ್ರಿಟಿಷ್ ಇಂಡಿಯಾದ ಸರ್ಕಾರ ಆ ಗೋಜಿಗೇ ಹೋಗದಿದ್ದ ಕಾಲ ಅದು. ಐದು ವರ್ಷಗಳ ಅನಂತರ, 1935ರ ಡಿಸೆಂಬರಿನಲ್ಲಿ, ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ವಾದಿಸಿದರೂ, ಬ್ರಹ್ಮಚರ್ಯವೊಂದೇ ದಾರಿ ಎಂಬ ನಿಲುವಿನಿಂದ ಮಹಾತ್ಮರು ಕದಲಲಿಲ್ಲ. ಮೈಸೂರು ಅಷ್ಟರಮಟ್ಟಿಗೆ ಮುಂದಿತ್ತು. ಆದರೂ ಅದು ಪ್ರಭುಗಳು ದಯಪಾಲಿಸಿದ ಅನುಗ್ರಹವೇ ಹೊರತು, ಪ್ರಜೆಯೊಬ್ಬಳು ಕೇಳಿ ಪಡೆದ ಹಕ್ಕಾಗಿರಲಿಲ್ಲ.

ಕೇಳುವ ಧೈರ್ಯ ಮಾಡಿದವರಲ್ಲಿ ಒಬ್ಬರು ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದವರು. 1893ರಲ್ಲಿ ಕಾಶ್ಮೀರಿ ಮೂಲದ ಕುಟುಂಬದಲ್ಲಿ ಜನಿಸಿದ ಧನವಂತಿ, ಬೆನಗಲ್ ರಾಮರಾಯರ ಕೈ ಹಿಡಿದು ಧನವಂತಿ ರಾಮರಾವ್ ಆದರು. 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದರು. 1952ರಲ್ಲಿ ಅದೇ ಊರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದರು. ಕುಟುಂಬ ಯೋಜನೆಯ ಜಾಗತಿಕ ಒಕ್ಕೂಟ ಜನ್ಮ ತಾಳಿದುದು ಅಲ್ಲಿಯೇ. ಮುಂದೆ 1963ರಿಂದ 1971ರವರೆಗೆ ಅದರ ಅಧ್ಯಕ್ಷೆಯಾದರು.

ಅದೇ 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಕೈಗೊಂಡಿತು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ; ಸಾಧನಗಳಿಗಿಂತ 'ಸುರಕ್ಷಿತ ದಿನ'ಗಳ ಲೆಕ್ಕಾಚಾರವೇ ಮೇಲೆಂದು ಅವರ ಮತ. ಅದರ ಪ್ರಯೋಗಕ್ಕೆ ಆರಿಸಿದ ಸ್ಥಳಗಳಲ್ಲಿ ಒಂದು ನಮ್ಮ ರಾಮನಗರ. (ಈಗ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು.) ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಬಣ್ಣ ನೋಡಿ ದಿನ ತಿಳಿಯಬೇಕು. ಸರ ಧರಿಸಿದವಳ ಗುಟ್ಟು ಊರಿಗೆಲ್ಲ ತಿಳಿಯುವುದಲ್ಲ ಎಂದು ಕೆಲವರು ನಾಚಿದರು. ಕೆಲವರು ಮಣಿ ಸರಿಸಲು ಮರೆತರು. ಪ್ರಯೋಗ ಕೈಗೂಡಲಿಲ್ಲ. ಬೇಡವೆಂದು ಗಂಡನಿಗೆ ಹೇಳುವ ಅಧಿಕಾರವಿಲ್ಲದವಳು ಮಣಿ ಎಣಿಸಿ ಮಾಡುವುದಾದರೂ ಏನಿತ್ತು?

ಇನ್ನು ನನ್ನ ಪಾಲಿನ ಕಥೆ. 1976, ತುರ್ತುಪರಿಸ್ಥಿತಿಯ ಕಾಲ. ಬನಶಂಕರಿಯ ಕಡೆಯ ಶಾಲೆಯೊಂದರಲ್ಲಿ ನಾನು ಹೊಸ ಉಪಾಧ್ಯಾಯಿನಿ. ಪ್ರತಿಯೊಬ್ಬ ಶಿಕ್ಷಕರೂ ಒಂದು 'ಕೇಸು' ತರಬೇಕೆಂದು ಬಾಯಿಮಾತಿನಲ್ಲಿ ತಿಳಿಸಿದರು. ಕೇಸು ಎಂದರೆ ಶಸ್ತ್ರಚಿಕಿತ್ಸೆಗೆ ಒಪ್ಪಿದ ಒಂದು ಜೀವ. ಆ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಆ ರಾಶಿಯಲ್ಲಿ ನಾನು ಸೇರಿಸಿದ ಒಂದು ಅಂಕಿಯೂ ಇದೆ. ನಮ್ಮ ಬೀದಿಯಲ್ಲಿ ಮನೆಗೆಲಸ ಮಾಡುತ್ತಿದ್ದಾಕೆಗೆ ಒಂದು ಹೆಣ್ಣು, ಒಂದು ಗಂಡು. ಆರತಿಗೊಬ್ಬಳು, ಕೀರ್ತಿಗೊಬ್ಬ, ಸಾಕಲ್ಲವೇ ಎಂದೆ. ಆಕೆ ಎದುರು ಮಾತನಾಡಲಿಲ್ಲ. ಟೀಚರಮ್ಮ ಹೇಳಿದ ಮೇಲೆ ಸರಿಯೇ ಇರುತ್ತದೆಂದು ಹೆಬ್ಬೆಟ್ಟು ಒತ್ತಿದಳು. ನನ್ನ ನೌಕರಿ ನಿಶ್ಚಿಂತೆಯಾಯಿತು.

ಮರುವರ್ಷ ಆಕೆಯ ಮಗ ಜ್ವರದಿಂದ ತೀರಿಕೊಂಡ. ಹದಿನೈದು ದಿನ ಬಿಟ್ಟು ಬಂದವಳು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಟೀಚರಮ್ಮ, ಅದನ್ನ ಮತ್ತೆ ಬಿಚ್ಚಿಸ್‌ಬೋದಾ?" ನನ್ನ ಬಳಿ ಉತ್ತರವಿರಲಿಲ್ಲ. ಚಿಕ್ಕ ಸಂಸಾರ ತಪ್ಪೆಂದು ಇಂದಿಗೂ ನಾನು ಹೇಳಲಾರೆ. ನಾನೂ ಇಬ್ಬರೇ ಮಕ್ಕಳ ತಾಯಿ. ತಪ್ಪು ಬೇರೆ ಕಡೆ ಇತ್ತು. ನನ್ನ ವಿಚಾರದಲ್ಲಿ ನಾನೇ ತೀರ್ಮಾನಿಸಿದ್ದೆ. ಆಕೆಯ ವಿಚಾರದಲ್ಲಿಯೂ ನಾನೇ ತೀರ್ಮಾನಿಸಿದ್ದೆ.

ದೇಶ ಪಾಠ ಕಲಿಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1994ರ ಕೈರೋ ಸಮ್ಮೇಳನದ ಬಳಿಕ, 1996ರಲ್ಲಿ ಕೇಂದ್ರ ಸರ್ಕಾರ ಈ ಗುರಿಗಳ ಪದ್ಧತಿಯನ್ನು ಕೈಬಿಟ್ಟಿತು. ಆದರೆ ರೂಢಿ ಕಾಗದದಷ್ಟು ಬೇಗ ಬದಲಾಗದು. ಇತ್ತೀಚಿನ ದಶಕದಲ್ಲಿ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸೀಮೆಯ ಲಂಬಾಣಿ ತಾಂಡಾಗಳ ಹೆಂಗಸರು, ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಯಿತೆಂದು ದೂರಿ, ನ್ಯಾಯ ಮತ್ತು ಪರಿಹಾರಕ್ಕಾಗಿ ಬೀದಿಗಿಳಿದರು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು, ಬೇರೆ ರಾಜ್ಯಗಳ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಧನವಂತಿಯವರ ಕೈಯಲ್ಲಿ ಪದವಿಯಿತ್ತು, ಸಂಪರ್ಕವಿತ್ತು. ಈ ತಾಂಡಾದ ತಾಯಂದಿರಿಗೆ ಅವಾವುವೂ ಇರಲಿಲ್ಲ. ಆದುದರಿಂದ ಇವರ ಹೋರಾಟ ನನ್ನ ಕಣ್ಣಿಗೆ ಇನ್ನೂ ದೊಡ್ಡದು.

ಕಾನೂನಿನ ಮಾತು ಬಂದಾಗ ನಮ್ಮ ರಾಜ್ಯದ ಹಿರಿಯರೊಬ್ಬರನ್ನು ನೆನೆಯಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರರ ವಯಸ್ಸು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಹೆರುವ, ಹೆರದಿರುವ ನಿರ್ಧಾರವೂ ಅದರೊಳಗೆ ಸೇರಿತು. ಅದೇ ದಾರಿಯಲ್ಲಿ 2022ರ ಸೆಪ್ಟೆಂಬರ್ 29ರಂದು, ಗರ್ಭಪಾತದ ಕಾನೂನಿನಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದ ಸಲ್ಲದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ನಮ್ಮನ್ನಗಲಿದರು.

ನನ್ನ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಸೊಸೆಯನ್ನು ಮನೆತುಂಬಿಸಿಕೊಂಡಿದ್ದೀರಿ. ಹದಿನೆಂಟು ತುಂಬಿದ ಹೆಣ್ಣಿನ ಗರ್ಭಪಾತಕ್ಕೆ ಕಾನೂನು ಕೇಳುವುದು ಆಕೆಯ ಒಪ್ಪಿಗೆಯನ್ನು ಮಾತ್ರ, ಗಂಡನ ಸಹಿಯನ್ನಲ್ಲ. ಇದನ್ನು ನಿಮ್ಮ ಮನೆಗೆಲಸದವರಿಗೂ ತಿಳಿಸಿ ಹೇಳಿ. ಹೇಳುವ ಮುನ್ನ "ನಿನಗೇನು ಬೇಕಮ್ಮ?" ಎಂದು ಕೇಳಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾಯಿರಿ. 1976ರಲ್ಲಿ ನಾನು ಕಾಯಲಿಲ್ಲ.