ಕೋಣೆಗೆ ತಕ್ಕ ದನಿ

ಸೆಕ್ಟರ್ ಫೈವ್‌ನಲ್ಲಿ ಮೆಟ್ರೋ ಹತ್ತಿದರೆ ಕೆಲವು ನಿಲ್ದಾಣಗಳಾಚೆ ಸಿಯಾಲ್ದಾ. ಗ್ರಾಮೊಫೋನ್ ಕಂಪೆನಿ ಭಾರತದಲ್ಲಿ ತಟ್ಟೆಗಳನ್ನು ಅಚ್ಚೊತ್ತುವ ಕಾರ್ಖಾನೆಯನ್ನು 1908ರಲ್ಲಿ ತೆರೆದದ್ದು ಅಲ್ಲಿಯೇ. ಅದಕ್ಕೂ ಆರು ವರ್ಷ ಮೊದಲು, 1902ರ ನವೆಂಬರಿನಲ್ಲಿ, ಫ್ರೆಡ್ ಗೈಸ್‌ಬರ್ಗ್ ಇದೇ ನಗರದಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಿದ್ದನು. ಮೈಕ್ ಇಲ್ಲದ ಕಾಲ. ಗಾಯಕಿ ಕೊಂಬಿನ ಬಾಯಿಗೆ ಮುಖವೊಡ್ಡಿ ಎತ್ತಿದ ದನಿಯಲ್ಲಿ ಹಾಡಬೇಕು, ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದುದು ದೂರದ ಹ್ಯಾನೋವರಿನಲ್ಲಿ ತಟ್ಟೆಗೆ ಚೀಟಿ ಅಂಟಿಸುವವರ ಅನುಕೂಲಕ್ಕೆ. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಕಲ್ಕತ್ತೆಯಲ್ಲಿ ಕುಳಿತು ಹಾಡು ಕೇಳುವ ಕನ್ನಡಿಗರಾದ ನಮಗೆ ಈ ನಂಟು ಮರೆಯುವಂಥದ್ದಲ್ಲ.

ಮುದ್ರಿಸುವ ಕೊಂಬು 1925ರ ಸುಮಾರಿಗೆ ವಿದ್ಯುತ್ ಮೈಕಿಗೆ ಜಾಗ ಬಿಟ್ಟಿತು. ಅದೇ ವರ್ಷ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಸುರುಳಿಯಿಂದ ಅದುರುವ ಕಾಗದದ ಶಂಕುವಿನ ಸ್ಪೀಕರನ್ನು ವಿವರಿಸಿದರು. ಇಂದಿನ ಬಹುಪಾಲು ಸ್ಪೀಕರುಗಳು ಅದರ ಸಂತಾನ. ಆದರೆ ಒಂದು ತೊಡಕು ಉಳಿಯಿತು. ಮಂದ್ರದ ಸ್ವರ ಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕು. ಹಾಗಾಗಿ ಒಳ್ಳೆಯ ನಾದವೆಂಬುದು ದೊಡ್ಡ ಹಜಾರವುಳ್ಳವರ ಸೊತ್ತಾಯಿತು. ಈ ಗಂಟನ್ನು 1954ರಲ್ಲಿ ಬಿಡಿಸಿದವನು ಅಮೆರಿಕದ ಎಡ್ಗರ್ ವಿಲ್ಚರ್. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿದ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿದ. ಪೆಟ್ಟಿಗೆ ಕುಗ್ಗಿತು, ಮಂದ್ರ ಉಳಿಯಿತು. 'ಬುಕ್‌ಶೆಲ್ಫ್ ಸ್ಪೀಕರ್' ಎಂಬ ಜಾತಿ ನೆಲೆಯೂರಿದ್ದು ಇಲ್ಲಿಂದ. (ಪುಸ್ತಕಪ್ರಿಯರ ಕಪಾಟಿನಲ್ಲಿ ಇದಕ್ಕೆ ಜಾಗವೆಲ್ಲಿ ಎಂಬುದು ಬೇರೆ ಮಾತು.)

1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಇನ್ನೂ ಮುಂದೆ ಹೋದರು. ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಮಾತು ಹೇಗೆ ಕೇಳಿಸುತ್ತಿದೆಯೆಂದು ಪರೀಕ್ಷಿಸಲು ಅವರು ಎಲ್ಎಸ್3/5ಎ ಎಂಬ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದರು: ಎತ್ತರ ಒಂದಡಿ, ಒಳಗಿನ ಅವಕಾಶ ಐದು ಲೀಟರಿನಷ್ಟು. ಎದೆ ನಡುಗಿಸುವ ಮಂದ್ರ ಅದರಲ್ಲಿಲ್ಲ. ಆದರೆ ಮನುಷ್ಯನ ಕಂಠ ಕಂಠವಾಗಿಯೇ ಬರುತ್ತದೆ. ಬಡವನ ಪಾಲಿನ ದೊಡ್ಡ ಸ್ಪೀಕರ್ ಎಂದು ಇದನ್ನು ಕರೆಯುವುದು ತಪ್ಪು. ಚಿಕ್ಕ ಜಾಗಕ್ಕೆಂದೇ ಹುಟ್ಟಿದ ವಸ್ತು ಇದು.

ಸೆಕ್ಟರ್ ಫೈವ್‌ನ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರು ಆಸುಪಾಸಿನಲ್ಲಿ ಬಾಡಿಗೆಗೆ ಹಿಡಿಯುವ ಕೋಣೆಯೂ ವ್ಯಾನಿಗಿಂತ ಬಹಳ ದೊಡ್ಡದಲ್ಲ. ಎದುರುಬದುರು ಗೋಡೆಗಳ ನಡುವೆ ಎಂಟಡಿ ಇದ್ದರೆ ಸುಮಾರು 70 ಹರ್ಟ್ಸಿನ ನಾದ ಅಲ್ಲಿ ಸಿಕ್ಕಿಕೊಂಡು ಮೊರೆಯುತ್ತದೆ. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಾಯಕನ ತಂಬೂರಿಯ ಮಂದ್ರ ಷಡ್ಜ 69 ಹರ್ಟ್ಸ್! ಇಂಥಲ್ಲಿ ಮಂದ್ರವನ್ನು ಧಾರಾಳವಾಗಿ ಸುರಿಯುವ ಸ್ಪೀಕರ್ ತಂದಿಟ್ಟರೆ, ಗೋಡೆಗೊರಗಿ ಕುಳಿತವನಿಗೆ ತಂತಿಯ ಬದಲು ಗುಂಯ್ ಎಂಬ ಸದ್ದು. ಕೋಣೆಯ ನಟ್ಟನಡುವೆ ಕುಳಿತವನಿಗೆ ಷಡ್ಜವೇ ಕ್ಷೀಣ. ಪಕ್ಕದ ಮನೆಯವರಿಗಂತೂ ಬರೀ ಗುದ್ದು. ಮನ್ಸೂರರ ಕಂಠವನ್ನು ಕೇಳಬೇಕೆಂದು ದುಡ್ಡು ಸುರಿದು, ಅವರ ಹಿಂದಿನ ತಂಬೂರಿಯನ್ನೇ ಕಳೆದುಕೊಳ್ಳುವುದು ನಷ್ಟವಲ್ಲವೇ?

ಆದ್ದರಿಂದ ನಮ್ಮ ಆಯ್ಕೆ ಮುಚ್ಚಿದ ಪೆಟ್ಟಿಗೆಯ ಕಡೆಗೆ. ಹಿಂದೆ ರಂಧ್ರವಿರುವ ಪೆಟ್ಟಿಗೆಗೆ ಗೋಡೆಯಿಂದ ಅಂತರ ಬೇಕು. ಆ ಅಂತರ ನಮ್ಮಲ್ಲಿಲ್ಲ. ಸಾಲ್ಟ್ ಲೇಕ್ ಹೂಗ್ಲಿಯ ಹೂಳು ಸುರಿದು 1960ರ ದಶಕದಲ್ಲಿ ಎತ್ತರಿಸಿದ ಜೌಗು ನೆಲ, ಸೆಕೆಯೂ ತೇವವೂ ಅದರ ಹುಟ್ಟುಗುಣ. ಶಂಕುವಿನ ಅಂಚು ಫೋಮಿನದಾಗಿದ್ದರೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರಿನದು ತಾಳುತ್ತದೆ. ದೂರ ಹುಡುಕಬೇಕಾಗಿಯೂ ಇಲ್ಲ. ಕಳೆದ ಅರ್ಧ ಶತಮಾನದಿಂದ ಸ್ಪೀಕರ್ ಕಟ್ಟುತ್ತ ಬಂದಿರುವ ಸೋನೋಡೈನ್ ಈ ನಗರದ್ದೇ.

ಚಾಂದನಿ ಚೌಕದ ಅಂಗಡಿಗಳಿಗೆ ಹೋಗುವವರು ಕೋಣೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಅಂಗಡಿಯವನು ಅಬ್ಬರದ ಸಿನಿಮಾ ಹಾಡನ್ನೇ ಹಾಕುತ್ತಾನೆ. ಅದನ್ನು ನಿಲ್ಲಿಸಿ, ತಬಲಾ ಇನ್ನೂ ಸೇರದ ಆಲಾಪವೊಂದನ್ನು ಮೆಲುದನಿಯಲ್ಲಿ ಹಾಕಿಸಿ, ಗಾಯಕನು ಉಸಿರೆಳೆದುಕೊಳ್ಳುವಾಗ ತಂಬೂರಿಯ ತಂತಿಗಳು ಬೇರೆಬೇರೆಯಾಗಿ ಕೇಳುತ್ತವೆಯೇ ಎಂದು ಕಿವಿಗೊಡಬೇಕು.